ಮೇಲಿನವರ ಬಕೆಟ್ಟು

ಯಾವ ಹಾಲು ಸಂಜೆಯೊಳಗೆ ಒಡೆಯುತ್ತದೆ, ಯಾವ ಪಾತ್ರೆಯನ್ನು ಕಾಟಾಚಾರಕ್ಕೆ ತೊಳೆದಿದ್ದಾರೆ, ಮೊಮ್ಮಗಳು ದಾರಿಯಲ್ಲಿ ಏನು ತಿಂದು ಬಂದಿದ್ದಾಳೆ ಎಂಬುದನ್ನೆಲ್ಲ ಆ ಮನೆಯಲ್ಲಿ ಅಜ್ಜಿಯ ಮೂಗು ಹೇಳುತ್ತಿತ್ತು. ಅದು ಸುಳ್ಳು ಹೇಳಿದ್ದನ್ನು ಯಾರೂ ಕಂಡಿರಲಿಲ್ಲ. ಹಾಗಾಗಿ ಒಂದು ರಜೆಯ ಮಧ್ಯಾಹ್ನ ಅವಳು ಬಡಿಸುವ ಸೌಟನ್ನು ಕೈಯಲ್ಲೇ ಹಿಡಿದು ನಿಂತು, "ಏನೋ ನಾರ್ತಾ ಇದೆ" ಎಂದಾಗ, ಊಟಕ್ಕೆ ಕೂತವರು ತಟ್ಟೆ ಬಿಟ್ಟು ಮೇಜಿನ ಕೆಳಗೆ ಬಗ್ಗಿ ನೋಡಿದರು.

ಕಸದ ಡಬ್ಬ ನೋಡಿದ್ದಾಯಿತು. ಸಿಂಕಿನ ಕೆಳಗಿನ ಪೈಪು ನೋಡಿದ್ದಾಯಿತು. ದೊಡ್ಡ ಮಗನ ಬೂಟು ಹೊರಗೆ ಹೋಯಿತು. ಅಜ್ಜಿ ಮೂಗಿನ ಹಿಂದೆ ನಡೆಯುತ್ತಾ ಮೇಜಿಗೆ ಒಂದು ಸುತ್ತು ಬಂದು ಕೊನೆಗೆ ನಿಂತಿದ್ದು ತನ್ನ ಗಂಡನ ಕುರ್ಚಿಯ ಹಿಂದೆ. ಅಜ್ಜ ಆಗಷ್ಟೇ ಸ್ನಾನ ಮುಗಿಸಿ ಬಂದಿದ್ದ. ತಲೆ ಇನ್ನೂ ಒದ್ದೆಯಾಗಿತ್ತು.

"ರೀ, ಸ್ನಾನ ಮಾಡಿದ್ರಾ?"

"ಈಗ ತಾನೆ ಮಾಡ್ಬಂದೆ."

"ಸೋಪು ಹಾಕ್ಕೊಂಡ್ರಾ?"

"ಸೋಪಿಲ್ದೆ ನೀರಲ್ಲಿ ಹೊರಳಾಡೋಕೆ ನಾನೇನು ಎಮ್ಮೆನಾ?"

ಮೊಮ್ಮಗಳು ಕಿಸಕ್ಕನೆ ನಕ್ಕಳು. ಅಜ್ಜಿ ನಗಲಿಲ್ಲ.

ಅಜ್ಜ ದುಡಿದಿದ್ದು ಕಬ್ಬಿಣದ ಎರಕದ ಕಾರ್ಖಾನೆಯಲ್ಲಿ. ಮೂವತ್ತು ಚಿಲ್ಲರೆ ವರ್ಷ ಸಂಜೆ ಸಂಜೆ ಮಸಿ ಮೆತ್ತಿಕೊಂಡು ಬಂದು, ಹಿತ್ತಿಲಲ್ಲೇ ಮೈ ಉಜ್ಜಿ ತೊಳೆದುಕೊಂಡು, ಆಮೇಲೆ ಹೊಸಿಲು ದಾಟಿದ ಮನುಷ್ಯ. ಅಲ್ಲಿಯ ಹೊಗೆ ಅವನ ಮೂಗನ್ನು ಯಾವತ್ತೋ ಕೊಂದು ಹಾಕಿತ್ತು. ಒಲೆಯ ಮೇಲೆ ಅನ್ನ ಸೀದು ಕರಿಕಾದರೂ ಅವನಿಗೆ ತಿಳಿಯುತ್ತಿರಲಿಲ್ಲ. ನಿವೃತ್ತನಾದ ಮೇಲೆ ಅವನು ಬೇಡಿದ ಸುಖ ಒಂದೇ: ಎಲ್ಲರೂ ಕೆಲಸಕ್ಕೆ, ಶಾಲೆಗೆ ಹೋದ ಮೇಲೆ, ನಲ್ಲಿಯನ್ನು ಪೂರಾ ತಿರುಗಿಸಿ, ಧೋ ಎಂದು ಬೀಳುವ ಬಿಸಿನೀರಿನಲ್ಲಿ ನಿಧಾನವಾಗಿ ಮೀಯುವುದು.

ಆ ಬಿಸಿನೀರೇ ಮನೆಯ ಜಗಳವೂ ಆಗಿತ್ತು. ಟ್ಯಾಂಕು ತಾರಸಿಯ ಮೇಲೆ. ಗೀಸರ್ ಒಂದೇ, ಅದು ಕೆಳಗಿನ ಬಚ್ಚಲಿನಲ್ಲಿ. ಟ್ಯಾಂಕಿನ ನೀರು ಎರಡು ಅಂತಸ್ತು ಇಳಿದು ಗೀಸರಿಗೆ ಬಂದು, ಕಾದು, ಒಂದು ಕವಲು ಕೆಳಗಿನ ನಲ್ಲಿಗೂ ಇನ್ನೊಂದು ಕವಲು ಮತ್ತೆ ಗೋಡೆಯೊಳಗೆ ಹತ್ತಿ ಮೇಲಿನ ಬಚ್ಚಲಿಗೂ ಹೋಗುತ್ತಿತ್ತು. ಕೆಳಗೆ, ದೊಡ್ಡ ಮಗ ತನ್ನ ಮಗಳೊಂದಿಗೆ ಅಪ್ಪ ಅಮ್ಮನ ಜೊತೆಗಿದ್ದ. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮೇಲೆ, ಚಿಕ್ಕ ಮಗ, ಅವನ ಹೆಂಡತಿ, ಅವರ ಎಳೆಗೂಸು. ನೀರು ಎಷ್ಟು ಎತ್ತರದಿಂದ ಬೀಳುತ್ತದೋ ಅಷ್ಟು ರಭಸ. ಕೆಳಗಿನವರಿಗೆ ಪೂರಾ ಎರಡು ಅಂತಸ್ತಿನ ರಭಸ ಸಿಕ್ಕರೆ, ಟ್ಯಾಂಕಿನ ಬುಡದಲ್ಲೇ ಇದ್ದ ಮೇಲಿನವರಿಗೆ ಸಿಗುತ್ತಿದ್ದದ್ದು ಮುದುಕನ ಉಚ್ಚೆಯಂಥ ಧಾರೆ. ಈ ಮಾತು ಚಿಕ್ಕ ಮಗನದು, ಅದನ್ನು ಅವನು ಊಟದ ಹೊತ್ತಿಗೇ ಆಡುತ್ತಿದ್ದ. ಅಜ್ಜಿಯ ಮೂಗಿಗೆ ನಾತ ಬಡಿಯುವ ಕೆಲವು ದಿನ ಮೊದಲು ಅದು ಮತ್ತೆ ಬಂತು.

"ಒಂದು ಬಕೆಟ್ ತುಂಬೋಕೆ ಅರ್ಧ ಗಂಟೆ ಬೇಕು. ನಾನು ಆಫೀಸಿಗೆ ಹೋಗ್ಬೇಕೋ ಬೇಡ್ವೋ?"

"ಅದಕ್ಕೇ ನಿನ್ನ ಹೆಂಡತಿ ನಲ್ಲಿ ತಿರುಗಿಸಿಟ್ಟು ಮಾಯವಾಗ್ತಾಳೆ," ಎಂದ ದೊಡ್ಡವನು. ಅವನು ಬಸ್ ಡಿಪೋದಲ್ಲಿ ಸ್ಟೋರ್ ನೋಡಿಕೊಳ್ಳುವವನು. ಹಳೆಯ ನಟ್ಟು ವಾಪಸು ಕೊಡದೆ ಹೊಸ ನಟ್ಟು ಯಾರಿಗೂ ಕೊಟ್ಟವನಲ್ಲ. ತಾನು ತಣ್ಣೀರಿನಲ್ಲಿ ಮೀಯುತ್ತೇನೆಂಬ ಹೆಮ್ಮೆ ಬೇರೆ. "ತುಂಬಿ ಚೆಲ್ಲೋದು ಬಿಸಿನೀರು. ಕಾಯೋದು ಕೆಳಗೆ, ಚೆಲ್ಲೋದು ಮೇಲೆ. ಚೆನ್ನಾಗಿದೆ ಸಂಸಾರ."

"ಭಾವ, ಮಗು ಬಟ್ಟೆ ತಣ್ಣೀರಲ್ಲಿ ಒಗೆಯೋಕಾಗುತ್ತಾ?" ಕಿರಿಸೊಸೆ ಕೂಸನ್ನು ಸೊಂಟದಿಂದ ಸೊಂಟಕ್ಕೆ ಬದಲಾಯಿಸುತ್ತಾ ಕೇಳಿದಳು. "ಒಂದ್ಸಲ ಬಂದು ನೋಡಿ, ಎಷ್ಟು ಹೊಲಸು ಮಾಡುತ್ತೆ ಅಂತ."

"ಊಟ ಮಾಡ್ತಾ ಇದೀವಿ," ಎಂದಳು ಅಜ್ಜಿ.

ದೊಡ್ಡವನು ಮಾರನೆಯ ದಿನ ಬೆಳಿಗ್ಗೆ ಸ್ಟೂಲು ಹತ್ತಿ, ಗೀಸರಿಗೆ ನೀರು ಕೊಡುವ ವಾಲ್ವನ್ನು ಮುಕ್ಕಾಲು ಪಾಲು ಮುಚ್ಚಿಬಿಟ್ಟ. ಹೋಗುವ ನೀರೇ ಕಡಿಮೆಯಾದರೆ ಬರುವ ನೀರೂ ಕಡಿಮೆ, ಸ್ಟೋರಿನಲ್ಲಿ ಅವನು ಕಲಿತ ವಿದ್ಯೆ ಇದೊಂದೇ. ಯಾರಿಗೂ ಹೇಳಲಿಲ್ಲ. ಮೇಲಿನ ಧಾರೆ ಇನ್ನಷ್ಟು ಸಣ್ಣದಾಯಿತು. ಕಿರಿಸೊಸೆ ತಾನೇನು ಕಡಿಮೆ ಎಂದು ಕೈಯಲ್ಲಿ ಹಿಡಿಯುವ ಶವರಿನ ತಲೆಯನ್ನೇ ಬಿಚ್ಚಿಟ್ಟು, ಬರೀ ಪೈಪನ್ನು ಬಕೆಟ್ಟಿನೊಳಗೆ ಇಳಿಬಿಟ್ಟು, ನಲ್ಲಿ ತೆರೆದೇ ಇಟ್ಟು ಬೇರೆ ಕೆಲಸಕ್ಕೆ ಹೋಗತೊಡಗಿದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಆ ಬಾಳು. ಅಜ್ಜನ ಮೈ ನಾರಲು ಶುರುವಾದದ್ದು ಆ ವಾರದಲ್ಲೇ. ಆದರೆ ಇದಕ್ಕೂ ಅದಕ್ಕೂ ಗಂಟು ಹಾಕುವ ಬುದ್ಧಿ ಯಾರಿಗೆ ಬರಬೇಕು?

ದಿನ ಕಳೆದಂತೆ ವಾಸನೆ ಕುರ್ಚಿಗೆ ಹತ್ತಿತು, ದಿಂಬಿಗೆ ಹತ್ತಿತು. ಅಜ್ಜಿ ದಿಂಬಿನ ಚೀಲ ಕುದಿಸಿದಳು, ಹಾಸಿಗೆ ಬಿಸಿಲಿಗೆ ಹಾಕಿದಳು. ಬಿಸಿಲಿನಿಂದ ಬಂದ ಹಾಸಿಗೆ ಬೆಳಗಿನವರೆಗೂ ಚೆನ್ನಾಗಿರುತ್ತಿತ್ತು, ಅಜ್ಜ ಮಿಂದು ಬಂದು ಮಧ್ಯಾಹ್ನ ಒರಗಿದನೋ, ಮತ್ತೆ ಅದೇ. ಹುಳಿಯೂ ಅಲ್ಲದ, ಕೊಳೆತದ್ದೂ ಅಲ್ಲದ, ಮೋರಿಯಿಂದ ಎದ್ದು ಬಂದಂಥ ವಾಸನೆ. ಅವನ ಬೆನ್ನ ಮೇಲೆ ಕೆಂಪು ಗುಳ್ಳೆಗಳೆದ್ದವು. ಕೆರೆದುಕೊಂಡು ಕೆರೆದುಕೊಂಡು ಅಂಗಿಗೆ ರಕ್ತದ ಚುಕ್ಕೆ ಬೀಳುತ್ತಿತ್ತು.

ಮೊದಲು ಬಾಯಿಬಿಟ್ಟು ಹೇಳಿದವಳು ಮೊಮ್ಮಗಳು. "ಅಜ್ಜಿ, ತಾತನ ಪಕ್ಕ ಕೂತ್ರೆ ನಂಗೆ ಊಟ ಸೇರಲ್ಲ."

"ಹಂಗನ್ಬಾರ್ದು," ಎಂದಳು ಅಜ್ಜಿ. ಎಂದು, ಮರುದಿನದಿಂದ ಅಜ್ಜನ ತಟ್ಟೆಯನ್ನು ಮೇಜಿನ ಆ ತುದಿಗೆ, ಕಿಟಕಿಯ ಹತ್ತಿರ ಇಟ್ಟಳು. ಅಜ್ಜ ತಟ್ಟೆ ನೋಡಿದ, ಕಿಟಕಿ ನೋಡಿದ, ಹೋಗಿ ಕೂತ.

ಅವನು ಹಟಮಾರಿಯಲ್ಲ, ಅದೇ ಕಷ್ಟ. ಸ್ನಾನ ಮುಗಿಸಿ ಬಂದು ಟವೆಲು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದ.

"ಈಗ ಇದೆಯೇನೇ?"

ಅಜ್ಜಿ ಹತ್ತಿರ ಹೋಗುತ್ತಿದ್ದಳು, ಉಸಿರೆಳೆಯುತ್ತಿದ್ದಳು, ಮುಖ ಆಚೆ ತಿರುಗಿಸುತ್ತಿದ್ದಳು. "ಇದೆ."

"ಎರಡು ಸಲ ಸೋಪು ಹಾಕ್ದೆ ಕಣೇ."

"ಇದೇರೀ. ನಾನೇನು ಸುಳ್ಳು ಹೇಳ್ತೀನಾ?"

ಅವನು ಸಂಜೆಗೂ ಸ್ನಾನ ಶುರುಮಾಡಿದ. ಸಂಜೆಯೇ ಕಿರಿಸೊಸೆ ಹಗಲಿನ ಬಟ್ಟೆ ನೆನೆಸುವ ಹೊತ್ತು. ಪಾಪ, ಮುದುಕ ಹೆಚ್ಚು ಹೆಚ್ಚು ಉಜ್ಜಿದ, ಹೆಚ್ಚು ಹೆಚ್ಚು ನೀರು ಸುರಿದುಕೊಂಡ, ಹೆಚ್ಚು ಹೆಚ್ಚು ನಾತ ಹೊಡೆದ. ಗುಳ್ಳೆಗೆ ಡಾಕ್ಟರು ಮುಲಾಮು ಬರೆದು, ದಿನಾ ಬಿಸಿನೀರಿನಲ್ಲಿ ಚೆನ್ನಾಗಿ ತೊಳೆಯಿರಿ ಎಂದರು. ತೊಳೆದ. ಅಜ್ಜಿ ತನ್ನ ಹಾಸಿಗೆಯನ್ನು ಎತ್ತಿಕೊಂಡು ಹಾಲಿಗೆ ಬಂದಳು. ಸೊಂಟನೋವಿಗೆ ನೆಲವೇ ವಾಸಿ ಎಂದು ಎಲ್ಲರೆದುರು ಹೇಳಿದಳು. ಅಜ್ಜ ಬಾಗಿಲಲ್ಲಿ ನಿಂತು ಅವಳು ಹಾಸಿಗೆ ಹಾಸುವುದನ್ನು ನೋಡಿದನೇ ಹೊರತು, ಸೊಂಟದ ವಿಷಯ ಕೇಳಲಿಲ್ಲ.

ಒಂದು ದಿನ ಚಿಕ್ಕ ಮಗ ಆಫೀಸಿನಿಂದ ಬರುತ್ತಾ ಒಂದು ಪ್ಯಾಕೆಟ್ ತಂದು ಊಟದ ಮೇಜಿನ ಮೇಲೆ ಇಟ್ಟ. ದೊಡ್ಡವರಿಗೆ ಕಟ್ಟುವ ಡೈಪರು.

"ಇದ್ಯಾರಿಗೋ?" ಎಂದ ಅಜ್ಜ.

"ನಾಚ್ಕೊಳ್ಳೋಂಥದ್ದೇನಿಲ್ಲಪ್ಪ. ವಯಸ್ಸಾದ್ಮೇಲೆ ಎಷ್ಟೋ ಜನಕ್ಕೆ ಗೊತ್ತಾಗಲ್ಲ, ತಾನಾಗೇ ಆಗ್ಬಿಡುತ್ತೆ."

"ನನಗೆ ಗೊತ್ತಾಗುತ್ತೆ ಕಣೋ."

"ಗೊತ್ತಾಗಲ್ಲ ಅನ್ನೋದೇ ಗೊತ್ತಾಗಲ್ಲಪ್ಪ, ಅದೇ ಕಾಯಿಲೆ."

ಅಜ್ಜ ಹೆಂಡತಿಯ ಮುಖ ನೋಡಿದ. ಅವನ ಒಳಚಡ್ಡಿಯನ್ನು ಇಷ್ಟು ವರ್ಷ ಒಗೆದವಳು ಅವಳು. ಅದರಲ್ಲಿ ಯಾವ ಹೊಲಸೂ ಇಲ್ಲವೆಂದು ಗೊತ್ತಿದ್ದವಳು ಅವಳೊಬ್ಬಳೇ. ಅಜ್ಜಿ ಪ್ಯಾಕೆಟ್ ಎತ್ತಿ ಪಕ್ಕಕ್ಕಿಟ್ಟು, "ಊಟದ ಮೇಜಿನ ಮೇಲೆ ಇಡೋ ವಸ್ತುವೇನೋ ಇದು?" ಎಂದಳು. ಅಷ್ಟೇ ಅಂದಳು. ಮೂಗು ಹೇಳುವುದನ್ನು ನಂಬುವುದೋ ಕಣ್ಣು ಕಂಡದ್ದನ್ನು ನಂಬುವುದೋ ಅವಳಿಗೆ ತಿಳಿಯಲಿಲ್ಲ, ಅವಳು ಮೂಗನ್ನೇ ನಂಬಿದಳು.

ಆಮೇಲೆ ಷೆಡ್ಡಿನ ಮಾತು ಬಂತು. ಹಿತ್ತಿಲಿನಲ್ಲಿ ಮುರಿದ ಕುರ್ಚಿ, ಹಳೆಯ ಟೈರು ತುಂಬಿದ್ದ ಷೆಡ್ಡು, ಅದರ ಬಾಗಿಲ ಪಕ್ಕದಲ್ಲೊಂದು ತಣ್ಣೀರಿನ ನಲ್ಲಿ. ದೊಡ್ಡವನು ಒಂದು ಸಂಜೆ ಟೈರುಗಳನ್ನು ಹೊರಹಾಕಿದ. ಚಿಕ್ಕವನು ಸುಣ್ಣ ಬಳಿಸಿದ.

"ಗಾಳಿ ಚೆನ್ನಾಗಿ ಬರುತ್ತೆ ಅಲ್ಲಿ," ಎಂದ ದೊಡ್ಡವನು ಅಮ್ಮನಿಗೆ. "ಅಪ್ಪನ ರೂಮಲ್ಲಿ ಮಗಳು ಓದ್ಕೊಳ್ತಾಳೆ. ಬರೋ ವರ್ಷ ದೊಡ್ಡ ಪರೀಕ್ಷೆ ಅವಳಿಗೆ."

"ಅವಳ ಪರೀಕ್ಷೆಗೆ ಇವರು ಹಿತ್ತಿಲಲ್ಲಿ ಕೂರ್ಬೇಕಾ?"

"ಅಮ್ಮಾ, ನೀನೇ ಹಾಲಿಗೆ ಬಂದು ಮಲಗಿದೀಯ. ನಾನು ಬೇರೆ ಬಾಯಿಬಿಟ್ಟು ಹೇಳ್ಬೇಕಾ?"

ಅಜ್ಜ ಮಾತ್ರ ಒಂದೇ ಹಟ ಹಿಡಿದ. "ನನ್ನ ಮೈಗೆ ಏನಾಗಿದೆ ಅಂತ ತಿಳೀಲಿ. ಆಮೇಲೆ ಎಲ್ಲಿ ಬೇಕಾದ್ರೂ ಹೋಗ್ತೀನಿ. ನಾರ್ತಾನೆ ಅಂತ ನನ್ನನ್ನ ಆಚೆ ಹಾಕ್ಬೇಡಿ." ಯಾರೂ ಹಾಗೆ ಹೇಳುತ್ತಿಲ್ಲವಲ್ಲ ಎಂದು ಮಕ್ಕಳಿಬ್ಬರೂ ಹೇಳಿದರು. ರಜೆಯ ದಿನ ಮಂಚ ಸಾಗಿಸುವುದೆಂದು ತಮ್ಮಷ್ಟಕ್ಕೆ ಗೊತ್ತುಮಾಡಿಕೊಂಡರು.

ಆ ರಜೆಯ ದಿನ ಬೆಳಿಗ್ಗೆ ಅಜ್ಜ ಎಂದಿನಂತೆ ಬಚ್ಚಲಿಗೆ ಹೋದ. ಅಜ್ಜಿ ಕೂಸಿನ ಹಾಲಿನ ಬಾಟಲಿ ಕೊಡಲು ಮೆಟ್ಟಿಲು ಹತ್ತಿ ಮೇಲೆ ಹೋದಳು. ಕಿರಿಸೊಸೆ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದಳು, ಚಿಕ್ಕವನು ಕೂಸನ್ನು ಎದೆಯ ಮೇಲೆ ಹಾಕಿಕೊಂಡು ನಿದ್ದೆ ಹೊಡೆಯುತ್ತಿದ್ದ. ಬಚ್ಚಲಿನ ಬಾಗಿಲು ತೆರೆದಿತ್ತು. ಒಳಗಿನಿಂದ ಬಂದ ನಾತಕ್ಕೆ ಅಜ್ಜಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಮುಚ್ಚಿಕೊಂಡವಳು ಅಲ್ಲೇ ನಿಂತಳು. ಈ ನಾತ ಅವಳಿಗೆ ಗೊತ್ತಿತ್ತು. ದಿನಾ ಅಡುಗೆಮನೆಯ ಬಾಗಿಲಲ್ಲಿ ಟವೆಲು ಹೊದ್ದು ನಿಲ್ಲುತ್ತಿದ್ದ ನಾತ ಇದೇ.

ಬಕೆಟ್ಟಿನಲ್ಲಿ ಕೂಸಿನ ರಾತ್ರಿಯ ಬಟ್ಟೆಗಳು ನೆನೆಯುತ್ತಿದ್ದವು. ನೀರಿನ ಬಣ್ಣ ಹೇಳುವಂತಿರಲಿಲ್ಲ. ಶವರಿನ ಪೈಪು ಅದರೊಳಗೆ ಮುಳುಗಿತ್ತು, ಬಿಸಿನೀರಿನ ನಲ್ಲಿ ಪೂರಾ ತೆರೆದಿತ್ತು. ಆದರೆ ಬಕೆಟ್ಟು ತುಂಬುತ್ತಿರಲಿಲ್ಲ. ಅಜ್ಜಿ ನೋಡುತ್ತಿದ್ದಂತೆ ನೀರು ಇಳಿಯುತ್ತಿತ್ತು. ಮೊದಲು ಒಂದು ಬಟ್ಟೆಯ ಗಂಟು ಮೇಲೆ ಕಂಡಿತು, ಆಮೇಲೆ ಇನ್ನೊಂದು. ಬಕೆಟ್ಟು ಸೀಳಿರಬೇಕೆಂದು ಬಗ್ಗಿ ನೋಡಿದಳು. ನೆಲ ಒಣಗಿತ್ತು. ಪೈಪಿನ ಬಾಯಿಗೆ ಒಂದು ಬಟ್ಟೆಯ ಅಂಚು ಕಚ್ಚಿಕೊಂಡು ಸೊರ್ ಸೊರ್ ಎನ್ನುತ್ತಿತ್ತು. ಕೆಳಗಿನಿಂದ ನಲ್ಲಿಯ ಸದ್ದು, ಮುದುಕ ಗಂಟಲು ಸರಿಮಾಡಿಕೊಳ್ಳುವ ಸದ್ದು ಕೇಳುತ್ತಿತ್ತು.

ಅಜ್ಜಿ ಹೆಚ್ಚು ಓದಿದವಳಲ್ಲ. ಆದರೆ ಮೇಲಿನ ಡಬ್ಬದಿಂದ ಕೆಳಗಿನ ಡಬ್ಬಕ್ಕೆ ಪೈಪಿಟ್ಟು, ಒಂದು ಸಲ ಬಾಯಿಂದ ಎಳೆದುಬಿಟ್ಟರೆ ಸೀಮೆಎಣ್ಣೆ ತಾನಾಗಿ ಇಳಿಯುವುದನ್ನು ಅವಳು ಎಷ್ಟು ಸಲ ನೋಡಿಲ್ಲ! ಇಲ್ಲಿ ಎಳೆಯುತ್ತಿದ್ದದ್ದು ಕೆಳಗಿನ ನಲ್ಲಿ. ಬಿದ್ದಳೋ ಎದ್ದಳೋ ಎಂಬಂತೆ ಮೆಟ್ಟಿಲಿಳಿದು ಬಂದು ಬಚ್ಚಲಿನ ಬಾಗಿಲು ಬಡಿದಳು.

"ನೀರು ನಿಲ್ಸಿ! ರೀ, ನಿಲ್ಸಿ! ಒಂದು ಚೊಂಬೂ ಮೈಮೇಲೆ ಹಾಕ್ಕೋಬೇಡಿ!"

ಮೈತುಂಬ ಸೋಪಿನ ನೊರೆಯೊಂದಿಗೆ ಅಜ್ಜ ಬಾಗಿಲು ತೆರೆದ. "ಬೆಂಕಿ ಬಿತ್ತೇನೇ?"

ಅವಳು ಅವನನ್ನು ಪಕ್ಕಕ್ಕೆ ಸರಿಸಿ ಅವನ ಬಕೆಟ್ಟಿಗೆ ಮೂಗು ಹಿಡಿದಳು. ಗೀಸರಿನ ನೀರಿನೊಂದಿಗೆ ಬೆರೆತು ಬಣ್ಣ ಕಾಣದಿದ್ದರೂ, ಬೆಚ್ಚಗೆ ಹಬೆಯಾಡುತ್ತಾ ಅದೇ ನಾತ. ಇಷ್ಟು ವಾರ ಅವಳು ಮನುಷ್ಯನನ್ನು ಮೂಸಿದಳೇ ಹೊರತು ಒಂದು ದಿನವೂ ಬಕೆಟ್ಟನ್ನು ಮೂಸಿರಲಿಲ್ಲ. ಅವಳಿಗೆ ತನ್ನ ಮೇಲೆಯೇ ಹೇಸಿಗೆ ಹುಟ್ಟಿತು.

ಅರ್ಧ ಗಳಿಗೆಯಲ್ಲಿ ಮನೆಮಂದಿಯೆಲ್ಲ ಬಚ್ಚಲುಗಳ ಮುಂದೆ ಸೇರಿದರು. ದೊಡ್ಡವನು ಕೆಳಗೆ ನಲ್ಲಿ ತಿರುಗಿಸಿದ, ಮೇಲೆ ಬಕೆಟ್ಟಿನ ನೀರು ಇಳಿಯಿತು. ನಿಲ್ಲಿಸಿದ, ಅದೂ ನಿಂತಿತು. ಮೊಮ್ಮಗಳು ಮೂಗು ಹಿಡಿದುಕೊಂಡೇ ಮೆಟ್ಟಿಲ ಮೇಲಿನಿಂದ ವರದಿ ಕೂಗಿದಳು. ಆಗ ಚಿಕ್ಕವನು ಸ್ಟೂಲು ಹತ್ತಿದ. ವಾಲ್ವು ಅವನ ಕಣ್ಣಿಗೆ ಬಿತ್ತು. ಅದನ್ನು ಪೂರಾ ತೆರೆದ ಮೇಲೆ ಕೆಳಗೆ ಎಷ್ಟು ನೀರು ಬಿಟ್ಟರೂ ಮೇಲಿನ ಪೈಪು ಹೀರಲಿಲ್ಲ, ಸಣ್ಣಗಾದರೂ ನೀರನ್ನು ಹೊರಗೇ ಹಾಕಿತು. ಗೀಸರಿಗೆ ಬರುವ ನೀರು ಸಾಲದೆ ಹೋದಾಗ ಕೆಳಗಿನ ನಲ್ಲಿ ತನಗೆ ಸಾಲದ್ದನ್ನು ಮೇಲಿನ ಪೈಪಿನಿಂದ ಎಳೆದುಕೊಳ್ಳುತ್ತಿತ್ತು, ಪೈಪಿನ ಬಾಯಿಗೆ ಏನು ಸಿಕ್ಕಿತೋ ಅದನ್ನೇ. ಅಜ್ಜಿಯೂ ಮೊಮ್ಮಗಳೂ ಮೇಲೆ ಬಟ್ಟೆ ನೆನೆಯುವ ಮೊದಲೇ, ಬೆಳಗಿನ ಜಾವ ಮೀಯುತ್ತಿದ್ದರಿಂದ ಪಾರಾಗಿದ್ದರು.

"ಯಾರು ವಾಲ್ವ್ ಮುಚ್ಚಿದ್ದು?" ಎಂದ ಚಿಕ್ಕವನು ಸ್ಟೂಲಿನ ಮೇಲಿನಿಂದಲೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ದೊಡ್ಡವನು ಕೇಳದ ಮಾತಿಗೂ ಉತ್ತರ ಕೊಟ್ಟ. "ಚೆಲ್ಲೋರು ಇದ್ರೆ ಮುಚ್ಚೋರೂ ಇರ್ತಾರೆ. ಗಲೀಜು ಬಕೆಟ್ಟಿಗೆ ಪೈಪು ಬಿಟ್ಟೋರು ಯಾರು, ಅದನ್ನ ಹೇಳು."

"ನೀರು ಸರಿಯಾಗಿ ಬಂದಿದ್ರೆ ನಾನ್ಯಾಕೆ ಪೈಪು ಬಿಟ್ಟು ಹೋಗ್ತಿದ್ದೆ, ಭಾವ?"

"ಅಂದ್ರೆ ನಂದೇ ತಪ್ಪಾ?"

"ಇನ್ನೇನು ಮಗುದಾ?"

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವುದುಂಟು. ಇಲ್ಲಿ ಅಣ್ಣ ತಮ್ಮಂದಿರ ಜಗಳದಲ್ಲಿ ಬಡವಾದದ್ದು ಮುದುಕ, ಅವನು ಟವೆಲು ಸುತ್ತಿಕೊಂಡು ಅವರ ಮಧ್ಯದಲ್ಲೇ ನಿಂತಿದ್ದ. ಮೈಮೇಲಿನ ಸೋಪು ಒಣಗಿ ಬಿಳಿಯಾಗಿತ್ತು. ಅದು ಯಾರ ಕಣ್ಣಿಗೂ ಬೀಳಲಿಲ್ಲ. ಸ್ಟೂಲು ಹತ್ತುವಾಗ ಚಿಕ್ಕವನು, "ಸ್ವಲ್ಪ ಆಚೆ ನಿಂತ್ಕೊಳಪ್ಪ," ಎಂದಿದ್ದೇ ಅವನೊಂದಿಗೆ ಆಡಿದ ಒಂದೇ ಮಾತು.

ಅಜ್ಜಿ ಅಡುಗೆಮನೆಯ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿದಳು. ಸೆರಗು ಸಿಕ್ಕಿಸಿ ತಾನೇ ಬಚ್ಚಲಿಗೆ ಹೋಗಿ ಅವನಿಗೆ ನೀರು ಹಾಕಿದಳು. ಗುಳ್ಳೆಯೆದ್ದ ಬೆನ್ನನ್ನು ಬರಿಗೈಯಿಂದ ಮೆಲ್ಲಗೆ ತೊಳೆದಳು.

"ಎಷ್ಟು ದಿನದಿಂದಂತೆ?" ಅಜ್ಜ ಕೇಳಿದ.

"ಆ ವಾಲ್ವ್ ಮುಚ್ಚಿದಾಗ್ಲಿಂದ."

"ಕೂಸಿಂದು ತಾನೆ? ಸದ್ಯ. ಅದರಪ್ಪಂದಲ್ವಲ್ಲ."

ಅಜ್ಜಿಗೆ ನಗುವೂ ಬಂತು, ಅಳುವೂ ಬಂತು. "ನಿಮ್ಮ ಮೈದಲ್ಲ ಅದು. ನಿಮ್ಮದಲ್ವೇ ಅಲ್ಲ. ನಾನೇ ಮೊದಲು ಬಾಯಿ ಬಿಟ್ಟೆ, ನನ್ನ ಬಾಯಿಗೆ ಮಣ್ಣು ಹಾಕ."

ಅಜ್ಜ ಬೆನ್ನು ಬಗ್ಗಿಸಿದ. "ಇನ್ನೊಂದು ಚೊಂಬು ಹಾಕು," ಎಂದ.

ಮಧ್ಯಾಹ್ನದ ಊಟಕ್ಕೆ ಅಜ್ಜಿ ಅವನ ತಟ್ಟೆಯನ್ನು ಮೊದಲಿನ ಜಾಗದಲ್ಲೇ ಇಟ್ಟಳು. ಯಾರೂ ಮುಖ ತಿರುಗಿಸಲಿಲ್ಲ. ಅನ್ನ ಕಲಸುತ್ತಾ ಅಣ್ಣ ತಮ್ಮ ಪ್ಲಂಬರನ್ನು ಕರೆಸುವ ಮಾತಾಡಿದರು. ಮೇಲಕ್ಕೆ ಹೋಗುವ ಪೈಪಿಗೆ, ನೀರು ವಾಪಸು ಇಳಿಯದ ಹಾಗೆ ಒಂದು ವಾಲ್ವ್ ಹಾಕಿಸಬೇಕು. ಅದರ ಖರ್ಚು ಯಾರದೆಂದು ಮತ್ತೆ ದನಿ ಏರಿತು. ಅಪ್ಪನನ್ನು ಏನಾದರೂ ಕೇಳಿಯಾರೆಂದು, ತಪ್ಪಾಯಿತು ಎಂದಾರೆಂದು ಅಜ್ಜಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಅವರು ತಿನ್ನುತ್ತಿದ್ದರು. ದೊಡ್ಡವನ ತುಟಿಗೆ ಅಗುಳು ಮೆತ್ತಿತ್ತು, ಚಿಕ್ಕವನು ಬೆರಳು ಚೀಪುತ್ತಿದ್ದ. ತಾನು ಹೆತ್ತು, ತಿನ್ನಿಸಿ ಬೆಳೆಸಿದ ಬಾಯಿಗಳನ್ನು ನೋಡಿ ಅವಳಿಗೆ ವಾಕರಿಕೆ ಬಂತು.

"ಹಂಗಾದ್ರೆ ತಾತನ ರೂಮು?" ಎಂದು ಮೊಮ್ಮಗಳು ಕೇಳಿದಳು. "ನನ್ನ ಪುಸ್ತಕ ಎಲ್ಲ ಜೋಡಿಸಿಟ್ಟಿದ್ದೆ."

"ಹೇಗೂ ಷೆಡ್ಡಿಗೆ ಸುಣ್ಣ ಹೊಡೆಸಿ ಆಗಿದೆ," ಎಂದಳು ಕಿರಿಸೊಸೆ, ಯಾರ ಮುಖವನ್ನೂ ನೋಡದೆ.

"ಗಾಳಿಯಂತೂ ಬರುತ್ತೆ," ಎಂದ ದೊಡ್ಡವನು.

ಅಜ್ಜ ತಟ್ಟೆ ಖಾಲಿಮಾಡಿ ನೀರು ಕುಡಿದ. "ನಾರ್ತೀಯ ಅಂದ್ರಿ, ನಂಬ್ದೆ. ಈಗ ನಾರಲ್ಲ ಅಂತೀರಿ, ಅದನ್ನೂ ನಂಬ್ಲೇಬೇಕು. ನನ್ನ ಮೈ ಹೇಗಿದೆ ಅಂತ ನಿಮ್ಮನ್ನ ಕೇಳ್ಕೊಂಡು ಎಷ್ಟು ದಿನ ಇರ್ಲಿ? ನನ್ನದಲ್ಲ ಅಂತ ತಿಳೀತಲ್ಲ, ಸಾಕು. ಮಂಚ ಆಚೆ ಹಾಕಿ."

ಹೇಳಿ ಅವನು ಸ್ವಲ್ಪ ಹೊತ್ತು ಕೂತಿದ್ದ. ಮಕ್ಕಳು ಬೇಡಪ್ಪ ಎನ್ನಲು ಅಷ್ಟು ಹೊತ್ತು ಧಾರಾಳವಾಗಿ ಸಾಕಿತ್ತು. ದೊಡ್ಡವನು ಕೈ ಒರೆಸಿಕೊಂಡು ಎದ್ದು, ಅಪ್ಪನ ರೂಮಿಗೆ ಹೋಗಿ ಮಂಚದ ಒಂದು ತುದಿ ಎತ್ತಿ ತಮ್ಮನಿಗೆ, "ನೀನು ಆ ಕಡೆ ಹಿಡಿ," ಎಂದ.

"ಇಳಿಸ್ರೋ!" ಅಜ್ಜಿ ಕೂಗಿದಳು. "ಮಾನ ಮರ್ಯಾದೆ ಇದ್ರೆ ಇಳಿಸಿ ಅದನ್ನ!"

"ಅಪ್ಪನೇ ಹೇಳಿದ್ದಲ್ವೇನಮ್ಮ?" ಎಂದ ಚಿಕ್ಕವನು ಮಂಚದ ಕಾಲು ಹಿಡಿದು.

"ಬಿಡೇ," ಎಂದ ಅಜ್ಜ.

ವಾರಗಟ್ಟಲೆ ಒಂದು ನಲ್ಲಿಗಾಗಿ ಕಚ್ಚಾಡಿದ ಅಣ್ಣ ತಮ್ಮ ಮಂಚವನ್ನು ಹೂವಿನಂತೆ ಎತ್ತಿದರು. ಬಾಗಿಲಲ್ಲಿ ಓರೆಮಾಡಿ, ನಿಧಾನ, ಗೋಡೆಗೆ ತಾಗುತ್ತೆ ಎಂದು ಒಬ್ಬರಿಗೊಬ್ಬರು ಎಚ್ಚರಿಸುತ್ತಾ ಹಿತ್ತಿಲಿಗೆ ಒಯ್ದು, ಷೆಡ್ಡಿನೊಳಗೆ ಕಿಟಕಿಯ ಕೆಳಗೆ ಇಳಿಸಿದರು. ಅಜ್ಜ ಹೋಗಿ ಅದರ ಮೇಲೆ ಕೂತ. ಅಜ್ಜಿ ದಿಂಬನ್ನೂ ತನ್ನ ಹಾಸಿಗೆಯನ್ನೂ ಎದೆಗವಚಿಕೊಂಡು ಹಿಂದೆಯೇ ಬಂದಳು.

ಹೊರಗೆ ಬಾಗಿಲ ಪಕ್ಕದ ನಲ್ಲಿಯಲ್ಲಿ ಅಣ್ಣ ತಮ್ಮ ಕೈ ತೊಳೆದುಕೊಳ್ಳುತ್ತಿದ್ದರು. ದೊಡ್ಡವನು ಸೋಪು ಹಚ್ಚಿ ಮೊಣಕೈವರೆಗೂ ಉಜ್ಜಿದ. ಬೆರಳ ಸಂದಿಗಳನ್ನೂ ಬಿಡಲಿಲ್ಲ. ಆಮೇಲೆ ಸೋಪನ್ನು ತಮ್ಮನ ಕೈಗೆ ಕೊಟ್ಟ. ಅವನೂ ಹಾಗೆಯೇ ಉಜ್ಜಿದ, ಕೈಯನ್ನು ಮೂಗಿನ ಹತ್ತಿರ ತಂದು ನೋಡಿ ಇನ್ನೊಮ್ಮೆ ಉಜ್ಜಿದ.

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ನೀವು ಆ ಕಡೆ ತಿರುಗಿ ಕೂತ್ಕೊಳ್ರೀ," ಎಂದಳು.

"ನೋಡಿದ್ದಾಯ್ತು ಕಣೇ," ಎಂದ ಅಜ್ಜ.